ಒಬ್ಬನೇ ಬಂದವನ ಸುದ್ದಿ

ದೂರದ ದಕ್ಷಿಣದ ಧೋಫಾರ್ ತೀರದಿಂದ ಸಣ್ಣ ದೋಣಿಯಲ್ಲಿ ಒಬ್ಬನೇ ಹೊರಟ ಹಮ್ದಾನ್, ಪಣ ತೊಟ್ಟಂತೆ ಎಲ್ಲೂ ದಡಕ್ಕೆ ಕಾಲಿಡದೆ ಉತ್ತರದ ತುದಿಯ ಮುಸಂದಮಿನ ತನ್ನ ಊರಿಗೆ ಬಂದು ಮುಟ್ಟಿದ. ಊರವರು ಅವನನ್ನು ಹೆಗಲ ಮೇಲೆ ಹೊತ್ತು ತಂದರು. ಸೋದರಮಾವ ಮರ್ಹೂನ್ ಮಾತ್ರ ಚಾಪೆಯಿಂದ ಏಳಲಿಲ್ಲ. ಕಡಲಿಗೆ ಬಿದ್ದ ತೆಂಗಿನಕಾಯಿಯೂ ತಾನೊಂದೇ ತೇಲಿ ದಡ ಸೇರುತ್ತದೆ, ಅದಕ್ಕೆ ಯಾರೂ ಕಾಫಿ ಕಾಸುವುದಿಲ್ಲ ಎಂದುಕೊಂಡ ಮುದುಕ.

ಆದರೂ ಸುದ್ದಿಗಾಗಿ ಅವನು ಕಾದೇ ಇದ್ದ. ಮಗಳು ಶಮ್ಸಾಳನ್ನು ಸೂರ್ ಪಟ್ಟಣದ ಈಚೆಯ ಹಳ್ಳಿಗೆ ಕೊಟ್ಟಿತ್ತು. ಮೊದಲ ಹೆರಿಗೆಯಲ್ಲೇ ಸತ್ತು ಬದುಕಿದವಳು, ಈಗ ಮತ್ತೆ ದಿನ ತುಂಬಿದ ಬಸುರಿ. ಈ ಸಲ ಆ ದಾರಿಯಾಗಿ ಬಂದವನು ಹಮ್ದಾನ್ ಒಬ್ಬನೇ.

ಕಾಫಿ, ಖರ್ಜೂರ ಮುಗಿದ ಮೇಲೆ, ಹಿರಿಯನಾದವನು ಕೇಳುವ ಪದ್ಧತಿಯಂತೆ ಮರ್ಹೂನ್ ಕೇಳಿದ.

"ಏನಪ್ಪಾ ಸುದ್ದಿ?"

"ಎಲ್ಲ ಒಳ್ಳೇದೇ ಮಾವ. ಇಡೀ ಕಡಲಲ್ಲಿ ನಾನೊಬ್ಬನೇ. ಒಂದು ಹಾಯಿ ಕಾಣಲಿಲ್ಲ. ತಿಮಿಂಗಿಲ ನನ್ನ ಪಕ್ಕದಲ್ಲೇ ಉಸಿರು ಬಿಡ್ತು."

"ಅದರ ಮನೇಲಿ ಎಲ್ಲರೂ ಚೆನ್ನಾಗಿದಾರಂತಾ?"

ಕೂತವರು ನಕ್ಕರು. ಮುದುಕ ನಗಲಿಲ್ಲ.

"ಶಮ್ಸಾಳ ಊರ ಮುಂದೆ ಬಂದ್ಯಲ್ಲ?"

"ಬಂದೆ. ದಡದಲ್ಲಿ ಕೋಲಿಗೆ ಬಟ್ಟೆ ಕಟ್ಟಿ ಬೀಸ್ತಿದ್ರು."

ನಗು ಅಲ್ಲಿಗೇ ನಿಂತಿತು. ಕೋಲಿಗೆ ಬಟ್ಟೆ ಕಟ್ಟಿದರೆ, ಮುಟ್ಟಿಸಬೇಕಾದ ಸುದ್ದಿ ಇದೆ, ದೋಣಿ ತಿರುಗಿಸು ಎಂದು. ಸಾವೋ ಹೆರಿಗೆಯೋ, ಹತ್ತಿರ ಹೋಗಿ ಕೇಳಿದರೇ ಗೊತ್ತಾಗುವುದು. ಆ ತೀರದಲ್ಲಿ ಕಳ್ಳಸಾಗಣೆಯವನು ಕೂಡ ಅದನ್ನು ಕಂಡು ಮುಂದೆ ಹೋಗುವುದಿಲ್ಲ.

"ತಿರುಗಿಸಲಿಲ್ವಾ?"

"ದಡ ಮುಟ್ಟಿದ್ರೆ ನನ್ನ ಪಣ ಮುರೀತಿತ್ತು. ಹಿಂದೆ ಬರೋರು ಯಾರಾದ್ರೂ ಕೇಳ್ಕೊಂಡು ಬರ್ತಾರೆ ಅಂದ್ಕೊಂಡೆ."

"ಇಡೀ ಕಡಲಲ್ಲಿ ನೀನೊಬ್ಬನೇ ಅಂದ್ಯಲ್ಲೋ. ಹಿಂದೆ ಯಾರಿದ್ರು?"



ಮರ್ಹೂನ್ ಎದ್ದ. ತನ್ನ ದೊಡ್ಡ ದೋಣಿಯನ್ನು ನೀರಿಗೆ ತಳ್ಳಲು ಕೈ ಬೀಸಿ ಕರೆದ. ಸೋದರಳಿಯನನ್ನು ಹೊತ್ತು ತಂದ ಹೆಗಲುಗಳೇ ದೋಣಿಗೆ ಒತ್ತು ಕೊಟ್ಟವು. ನೀರು ಮೊಣಕಾಲಿಗೆ ಬರುವಷ್ಟರಲ್ಲಿ ಹಮ್ದಾನ್ ಓಡಿ ಬಂದ.

"ನಾನೂ ಬರ್ತೀನಿ ಮಾವ. ದಾರಿ ಗೊತ್ತು ನನಗೆ."

"ದಾರಿ ನಮಗೂ ಗೊತ್ತು. ನಾಲ್ಕು ಜನರ ಜೊತೆ ಕೂತ್ರೆ ನಿನ್ನ ಹೆಸರಿಗೆ ಕುಂದು. ಮನೇಗೆ ಹೋಗಿ ಮಲಕ್ಕೋ."

ಗಾಳಿ ಎದುರಿತ್ತು. ಹಾಯಿ ಬಿಚ್ಚದೆ ಎಲ್ಲರೂ ಹುಟ್ಟು ಹಾಕಿದರು. ಚುಕ್ಕಾಣಿ ಹಿಡಿದ ಮುದುಕ ತಿರುಗಿ ನೋಡಲಿಲ್ಲ. ತಾನು ಹೋಗುತ್ತಿರುವುದು ಮೊಮ್ಮಗುವನ್ನು ಎತ್ತಿಕೊಳ್ಳಲೋ, ಮಗಳ ಗೋರಿಗೆ ಮಣ್ಣು ಹಾಕಲೋ, ಅವನಿಗೆ ತಿಳಿದಿರಲಿಲ್ಲ.