ಮುಚ್ಚಳ ಆರುವಷ್ಟು ಹೊತ್ತು

ಐದನೇ ದಿನವೂ ಮುಚ್ಚಳ ಸೊಟ್ಟಗೇ ಬಂತು.

ಯಲಹಂಕದಲ್ಲಿ ಬೋರ್‌ವೆಲ್ ಮೋಟರಿನ ಸ್ಟಾರ್ಟರ್ ಪೆಟ್ಟಿಗೆ ಮಾಡುವ ಸಣ್ಣ ಕಾರ್ಖಾನೆ ನನ್ನದು. ಹನ್ನೆರಡು ವರ್ಷ ಅದರ ಪ್ಲಾಸ್ಟಿಕ್ ಮುಚ್ಚಳಗಳನ್ನು ಯಶವಂತಪುರದ ತಾಜುದ್ದೀನ್ ತಮ್ಮ ಶೆಡ್ಡಿನಲ್ಲಿ ಅಚ್ಚು ಹಾಕಿ ಕೊಡುತ್ತಿದ್ದರು. ಯಾವಾಗ ಫೋನ್ ಮಾಡಿದರೂ ಒಂದೇ ರಾಗ: "ಇನ್ನೆರಡು ದಿನ ಮೇಡಂ." ಕೇಳಿ ಕೇಳಿ ತಲೆ ಕೆಟ್ಟು ಕೊನೆಗೆ ನಾನೇ ಮೋಲ್ಡಿಂಗ್ ಮೆಷಿನ್ ತರಿಸಿದೆ. ಅಚ್ಚು ನನ್ನದೇ ಆಗಿತ್ತು. ಅದನ್ನು ಅವರ ಶೆಡ್ಡಿನಿಂದ ಟೆಂಪೋಗೆ ಹೇರಿಸಿದ ದಿನ ತಾಜುದ್ದೀನರ ಹೆಂಡತಿ ಗಜಾಲಾ ಏನೋ ಹೇಳಲು ಕಾರಿನ ಹತ್ತಿರ ಬಂದರು. ಇನ್ನೇನು ರಗಳೆಯೋ ಎಂದು ನಾನು ಬಾಗಿಲು ಹಾಕಿಕೊಂಡೆ.

ಈಗ ಮೆಷಿನ್ ಕೊಟ್ಟವನು ಅಚ್ಚು ಸರಿಯಿಲ್ಲ ಎಂದ. ಅಚ್ಚು ನೋಡಿದವನು ಕರಗಿಸುವ ಪ್ಲಾಸ್ಟಿಕ್ ಕಾಳು ಸರಿಯಿಲ್ಲ ಎಂದ. ಕಾಳು ಮಾರಿದವನು ಮೆಷಿನ್ ಕಡೆ ಬೆರಳು ತೋರಿಸಿದ. ಮೂವರೂ ನನ್ನ ಕಾಫಿ ಕುಡಿದು ಹೋದರು. ಮುಚ್ಚಳ ಮಾತ್ರ ಕಾವಲಿಯ ಮೇಲಿನ ದೋಸೆಯ ಹಾಗೆ ಅಂಚೆತ್ತಿಕೊಂಡೇ ಇತ್ತು.

"ಎಲ್ಲಾ ಸೆಟ್ಟಿಂಗೂ ನೋಡ್ದೆ ಮೇಡಂ, ಇನ್ನೇನ್ ಮಾಡ್ಲಿ ಹೇಳಿ," ಎಂದ ಮೆಷಿನ್ ನಡೆಸುವ ಅಶ್ವತ್ಥ್. ಅವನ ತಪ್ಪಿಲ್ಲವೆಂದು ಗೊತ್ತಿದ್ದೂ ಅವನ ಮೇಲೇ ಹರಿಹಾಯ್ದೆ.

ಅಷ್ಟರಲ್ಲಿ ರಾಜಾನುಕುಂಟೆಯ ಚಿಕ್ಕಬೈರಪ್ಪನವರ ಫೋನ್. ನನ್ನ ಅರ್ಧ ಮಾಲು ಅವರ ಅಂಗಡಿಯಲ್ಲೇ ಹೋಗುತ್ತದೆ.

"ಶಾಂತಲಮ್ಮಾ, ನೀವ್ ಕಳ್ಸಿದ್ ಮುಚ್ಳ ಇಂಗೆ ಬಾಯ್ಬಿಟ್ರೆ ಇರುವೆ ನುಗ್ಗಿ ಸ್ಟಾರ್ಟ್ರು ಸುಟ್ಟೋಯ್ತದೆ. ನಾಳೆ ಮುನ್ನೂರು ಪೆಟ್ಗೆ ಬರ್ದೇ ಇದ್ರೆ ಬೇರೆ ಕಂಪ್ನಿ ಮಾಲು ಇಳಿಸ್ಕೊತೀನಿ, ಆಮ್ಯಾಕೆ ಬೇಜಾರ್ ಮಾಡ್ಕೋಬೇಡಿ."

ಬಿಗುಮಾನ ಬದಿಗಿಟ್ಟು, ಒಂದು ಸೊಟ್ಟ ಮುಚ್ಚಳ ಹಿಡಿದು ಯಶವಂತಪುರಕ್ಕೆ ಹೊರಟೆ. ಹೆಬ್ಬಾಳದ ಫ್ಲೈಓವರ್ ಮೇಲೆ ಒಂದು ಗಂಟೆ ನಿಂತಲ್ಲೇ ನಿಂತು ತಾಜುದ್ದೀನರನ್ನೂ, ನನ್ನನ್ನೂ, ಮುಂದಿನ ಬಸ್ಸನ್ನೂ ಬೈದುಕೊಂಡೆ.

ಶೆಡ್ಡಿನಲ್ಲಿ ತಾಜುದ್ದೀನ್ ಮುಚ್ಚಳವನ್ನು ತಿರುಗಿಸಿ ನೋಡಿ ಗಜಾಲಾಗೆ ಕೊಟ್ಟರು. ಆಕೆ ಒಮ್ಮೆ ಬೆರಳಾಡಿಸಿದರು, ಅಷ್ಟೆ.

"ಬಿಸಿ ಇರೋವಾಗ್ಲೇ ಮರದ ಮೇಲೆ ಕೂರಿಸಿಲ್ಲ ನೀವು."

"ಯಾವ ಮರ?"

ಮುಚ್ಚಳದ ಅಳತೆಗೆ ಕೊರೆದ ನಲವತ್ತು ಮರದ ತುಂಡುಗಳಿದ್ದವಂತೆ. ಅಚ್ಚಿನಿಂದ ಬಿದ್ದ ಪ್ರತಿ ಮುಚ್ಚಳವನ್ನೂ ಗಜಾಲಾ ಅದರ ಮೇಲಿಟ್ಟು, ಮೇಲೊಂದು ಭಾರ ಹೇರಿ, ಪೂರ್ತಿ ಆರುವ ತನಕ ತೆಗೆಯುತ್ತಿರಲಿಲ್ಲವಂತೆ. ಹನ್ನೆರಡು ವರ್ಷ ಒಂದೊಂದು ಮುಚ್ಚಳವೂ ಈ ಹೆಂಗಸಿನ ಕೈ ದಾಟಿ ಬಂದಿತ್ತು. ನಾನು ಬೈದ ಎರಡು ದಿನ ಅದಕ್ಕೇ ಹೋಗುತ್ತಿತ್ತು. ಶೆಡ್ಡಿನ ಹೊಸ್ತಿಲು ದಾಟಿ ಒಂದು ದಿನವೂ ನಾನು ಒಳಗೆ ಬಂದು ನೋಡಿರಲಿಲ್ಲ.

"ಒಂದು ಮಾತು ಹೇಳೋಕೇನಾಗಿತ್ತು ನಿಮಗೆ?" ಕೂಗಿಯೇಬಿಟ್ಟೆ.

"ಹೇಳೋಕ್ ಬಂದೆ ಮೇಡಂ. ನೀವು ಬಾಗ್ಲು ಹಾಕ್ಕೊಂಡ್ರಿ."

ನಾನು ದನಿ ತಗ್ಗಿಸಿದೆ. "ಆ ಮರದ ತುಂಡುಗಳನ್ನ ನನಗೆ ಕೊಡಿ," ಎಂದೆ.

"ಅಚ್ಚೇ ಹೋಯ್ತಲ್ಲ, ಇನ್ನೇನಕ್ಕೆ ಅಂತ ಸ್ನಾನದ ನೀರು ಕಾಯಿಸೋಕೆ ಒಲೆಗೆ ಹಾಕ್ಬಿಟ್ಟೆ."

ಹೊಸದಾಗಿ ನಲವತ್ತು ತುಂಡು ಕೊರೆಯಲು ಎಷ್ಟು ದಿನ ಬೇಕೆಂದು ತಾಜುದ್ದೀನ್ ಪಕ್ಕದ ಬಡಗಿಯನ್ನು ಕೂಗಿ ವಿಚಾರಿಸಿದರು. ಅವನು ಬೆರಳೆಣಿಸಿ ಲೆಕ್ಕ ಹೇಳುವಷ್ಟರಲ್ಲಿ ನನ್ನ ಫೋನ್ ಮತ್ತೆ ಬಡಿದುಕೊಂಡಿತು. ಚಿಕ್ಕಬೈರಪ್ಪನವರೇ.

"ಏನಮ್ಮಾ, ಎಂಗಾಯ್ತು?"

ಗಜಾಲಾ ಸೊಟ್ಟ ಮುಚ್ಚಳ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು.

"ಇನ್ನೆರಡು ದಿನ ಕೊಡಿ," ಎಂದೆ.

ಆ ಕಡೆಯಿಂದ ಫೋನ್ ಕಟ್ಟಾಯಿತು.