ಮನೆಯವರ ಗಾಡಿ

ಲಾರಿಯಿಂದ ಇಳಿಸುವಾಗ ಹಲಗೆ ಜಾರಿ ಮೂತಿ ಕೆಳಗಾಗಿ ಬಿದ್ದ ಕಾರೊಂದನ್ನು ಶೋರೂಮಿನವರು ಬಡಿದು ನೇರ ಮಾಡಿ, ಪುಟ್ಟಿ ಮೆತ್ತಿ, ಬಣ್ಣ ಹೊಡೆದು, ಹೊಸದೆಂದು ಮಾರಿದರು. ಕೊಂಡವಳು ಅಕ್ಕ. ಮಾರಿದವನು ಅವಳ ಒಡಹುಟ್ಟಿದ ತಮ್ಮ.

ಅಕ್ಕನ ಹೊಟ್ಟೆಪಾಡು ಗಾಡಿಯ ಮೇಲೆಯೇ ನಡೆಯುತ್ತಿತ್ತು. ಮೂತ್ರಪಿಂಡ ಕೈಕೊಟ್ಟವರನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಡಯಾಲಿಸಿಸ್ ಯಂತ್ರದಲ್ಲಿ ರಕ್ತ ತೊಳೆಸಿಕೊಂಡು ಸೊಪ್ಪಾಗಿ ಹೊರಬಂದವರನ್ನು ತೋಳು ಹಿಡಿದು ಮನೆ ಬಾಗಿಲಿಗೆ ಮುಟ್ಟಿಸುವುದು. ವಾಂತಿಗೆ ಹೆದರಿ ಉಳಿದ ಬಾಡಿಗೆ ಗಾಡಿಯವರು ಈ ಸವಾರಿ ಹಿಡಿಯುತ್ತಿರಲಿಲ್ಲ. ಅವಳ ಹಿಂದಿನ ಸೀಟಿನಲ್ಲಿ ಸದಾ ಒಂದು ದಿಂಬು, ಒಗೆದ ಟವೆಲ್, ಮಡಿಚಿಟ್ಟ ಪ್ಲಾಸ್ಟಿಕ್ ಚೀಲಗಳು. ಹಳೆಯ ಗಾಡಿ ಇನ್ನು ನನ್ನ ಕೈಲಾಗದು ಎಂದು ಕೆಮ್ಮತೊಡಗಿದಾಗ ಹೊಸದನ್ನು ಎಲ್ಲಿ ಕೊಳ್ಳುವುದೆಂಬ ಪ್ರಶ್ನೆಯೇ ಏಳಲಿಲ್ಲ. ತಮ್ಮ ಶೋರೂಮಿನಲ್ಲಿ ಟೈ ಕಟ್ಟಿಕೊಂಡು ಕಾರು ಮಾರುತ್ತಿದ್ದ.

ಆ ಶೋರೂಮಿನಲ್ಲಿ ‘ಮನೆಯವರ ಯೋಜನೆ’ ಎಂಬುದೊಂದಿತ್ತು. ತಿಂಗಳ ಕೊನೆಗೆ ಮಾರಬೇಕಾದ ಲೆಕ್ಕಕ್ಕೆ ಗಾಡಿ ಕಡಿಮೆ ಬಿದ್ದರೆ ಮಾರಾಟದವರು ಸ್ವಂತ ಬಳಗದಿಂದಲೇ ಒಬ್ಬರನ್ನು ಎಳೆದು ತರಬೇಕು. ಬಂದವರಿಗೆ ಬೆಲೆಯಲ್ಲಿ ಅಷ್ಟಿಷ್ಟು ರಿಯಾಯಿತಿ. ಬೇರೆ ಗಿರಾಕಿಯಾದರೆ ಬಾಗಿಲು ತೆಗೆದು ಹಾಕಿ ನೋಡುತ್ತಾನೆ, ಬಾನೆಟ್ ಎತ್ತಿಸುತ್ತಾನೆ, ಒಂದು ಸುತ್ತು ಓಡಿಸಿಕೊಂಡು ಬರುತ್ತಾನೆ, ಬೆರಳಲ್ಲಿ ತಗಡು ತಟ್ಟುತ್ತಾನೆ. ಮನೆಯವರು ಹಾಗೆಲ್ಲ ಮಾಡುವುದಿಲ್ಲ. ತಮ್ಮ ಕೊಡಿಸುವ ಗಾಡಿಯನ್ನು ತಟ್ಟಿ ನೋಡುವುದೆಂದರೆ ನಾಲ್ಕು ಜನರ ಮುಂದೆ ಅವನ ಕೆನ್ನೆಗೆ ತಟ್ಟಿದಂತೆ. ನೀನು ನೋಡಿದ್ದೀಯಲ್ಲ, ಇನ್ನು ನಾನೇನು ನೋಡುವುದು ಎಂದು ಅಕ್ಕ ಕೀಲಿಕೈಗೆ ಕೈಯೊಡ್ಡಿದಳು. ಟೈ ಕಟ್ಟಿದವರೆಲ್ಲ ಸಾಲಾಗಿ ನಿಂತು ಚಪ್ಪಾಳೆ ಹೊಡೆದರು. ಮ್ಯಾನೇಜರು ಅವಳಿಗೆ ಹೂಗುಚ್ಛ ಕೊಟ್ಟು, ಇವತ್ತಿನಿಂದ ನೀವೂ ನಮ್ಮ ಮನೆಯವರೇ ಎಂದ. ಜೊತೆಗೆ ಬಂದಿದ್ದ ಅಮ್ಮನ ಕಣ್ಣು ತುಂಬಿ ಬಂತು.

ಗಾಡಿ ಮೊದಲ ವಾರದಿಂದಲೇ ಎಡಕ್ಕೆ ಎಳೆಯುತ್ತಿತ್ತು. ಸ್ಟೇರಿಂಗ್ ಬಿಗಿ ಹಿಡಿದು ಹಿಡಿದು ಅಕ್ಕನ ಬಲಭುಜ ಸೇದತೊಡಗಿತು. ಸರ್ವೀಸಿನವರು ಚಕ್ರ ಸರಿ ಮಾಡಿದ್ದೇವೆ ಎಂದು ಕಳಿಸುವರು. ಹದಿನೈದು ದಿನಕ್ಕೆ ಮತ್ತೆ ಅದೇ ಹಾಡು. ಒಬ್ಬನಂತೂ, ಗಾಡಿಯಲ್ಲಿ ಏನಿಲ್ಲ ಮೇಡಂ, ಕೈ ಹಗುರ ಇದ್ದರೆ ಹೀಗಾಗುತ್ತೆ, ಮನೆಯಲ್ಲಿ ಗಂಡಸರು ಯಾರಾದರೂ ಓಡಿಸಿ ನೋಡಲಿ ಎಂದು ಹಲ್ಲು ಬಿಟ್ಟ. ಅವಳು ಬಾಯಿ ಮಾಡಲಿಲ್ಲ. ಬಾಯಿ ಮಾಡಿದರೆ ಅದು ತಮ್ಮನ ತಲೆಗೆ ಬರುತ್ತದೆಂದು ನುಂಗಿಕೊಂಡಳು. ಈ ನುಂಗಿಕೊಳ್ಳುವಿಕೆಯ ಮೇಲೇ ಇಡೀ ವ್ಯಾಪಾರ ನಿಂತಿದೆಯೆಂದು ಆಗ ಅವಳಿಗೆ ತಿಳಿದಿರಲಿಲ್ಲ.

ಅವಳ ಕಾಯಂ ಸವಾರಿಗಳಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು. ಅರ್ಧ ಜೀವ ಯಂತ್ರಕ್ಕೆ ಕೊಟ್ಟು ಉಳಿದರ್ಧದಲ್ಲಿ ತಮಾಷೆ ಮಾಡುತ್ತಿದ್ದ ಮನುಷ್ಯ. ಏನಮ್ಮ, ನಿನ್ನ ಗಾಡಿಗೆ ರಸ್ತೆಗಿಂತ ಚರಂಡಿ ಮೇಲೇ ಮೋಹ ಜಾಸ್ತಿ ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಅವರನ್ನು ಕೂರಿಸಿಕೊಂಡು ಆಸ್ಪತ್ರೆಯ ಅಂಗಳದಲ್ಲಿ ಗಾಡಿ ತಿರುಗಿಸುವಾಗ ಮುಂದಿನ ಮೂಲೆ ಗೇಟಿನ ಕಂಬಕ್ಕೆ ತಾಗಿತು. ತಾಗಿದ್ದೆಂದರೆ ಹಸು ಮೈ ಉಜ್ಜಿಕೊಂಡಷ್ಟು. ಗೋಡೆಯ ಗಾರೆ ಕಳಚಿದ ಹಾಗೆ ಬಣ್ಣದ ಸಮೇತ ಒಂದು ದಪ್ಪ ಚಕ್ಕೆ ಎದ್ದು ನೆಲಕ್ಕೆ ಬಿತ್ತು. ಅದರ ಹಿಂದೆ ಸುತ್ತಿಗೆಯ ಏಟು ತಿಂದ ತಗಡು, ಅದರ ಒಳಗೆ ಗಂಟು ಗಂಟಾದ ಬೆಸುಗೆ.

ಮೇಷ್ಟ್ರು ಕಿಟಕಿಯಿಂದ ಬಗ್ಗಿ ನೋಡಿದರು. “ಪರವಾಗಿಲ್ಲಮ್ಮ, ಚೆನ್ನಾಗೇ ಪೌಡರ್ ಬಳಿದಿದಾರೆ” ಎಂದರು.

ಅಕ್ಕನಿಗೆ ನಗು ಬರಲಿಲ್ಲ. ಸೂಜಿ ಚುಚ್ಚಿ ಚುಚ್ಚಿ ಬಾತ ತೋಳನ್ನು ಮಡಿಲಲ್ಲಿ ಮಗುವಿನಂತೆ ಇಟ್ಟುಕೊಂಡು ಕೂತಿದ್ದ ಮುದುಕರನ್ನು ನೋಡಿದಳು. ನಿಜವಾದ ಒಂದು ಏಟು ಬಿದ್ದರೆ ಈ ಮುಂಭಾಗ ರಟ್ಟಿನ ಡಬ್ಬಿಯಂತೆ ಮಡಚಿಕೊಂಡು ಒಳಕ್ಕೆ ಬರುತ್ತದೆ ಎಂಬುದನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಶೋರೂಮಿಗೆ ಹೋದರೆ ಮ್ಯಾನೇಜರು ಅವಳನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ಟೀ ತರಿಸಿದ. ನೀವೇ ಎಲ್ಲೋ ಗುದ್ದಿ ಹೊರಗೆ ಅಗ್ಗಕ್ಕೆ ರಿಪೇರಿ ಮಾಡಿಸಿರಬೇಕು, ನೆನಪು ಮಾಡಿಕೊಳ್ಳಿ ಎಂದ. ಗಾಜಿನಾಚೆ ತಮ್ಮ ಯಾರಿಗೋ ಸೀಟಿನ ಚರ್ಮ ಮುಟ್ಟಿ ತೋರಿಸುತ್ತಿದ್ದ. ಇತ್ತ ತಿರುಗಲೇ ಇಲ್ಲ.

ಗ್ರಾಹಕರ ಆಯೋಗವೊಂದಿದೆ, ವಕೀಲರಿಲ್ಲದೆಯೂ ಹೋಗಬಹುದು ಎಂದು ಹೇಳಿದವರು ಮೇಷ್ಟ್ರೇ. ಬೇರೆ ಗಾಡಿಯಿಲ್ಲದೆ ಅದನ್ನೇ ಮೆಲ್ಲಗೆ ಓಡಿಸುತ್ತಿದ್ದಳು. ರೋಗಿಗಳು ಯಂತ್ರಕ್ಕೆ ಅಂಟಿಕೊಂಡಿರುವ ಹೊತ್ತಿನಲ್ಲಿ ಅಕ್ಕ ಹೊರಗಿನ ಬೆಂಚಿನ ಮೇಲೆ ಕೂತು ಕಾಯ್ದೆ ಓದಿದಳು. ಕೊಳ್ಳುವವರಿಗೆ ವಸ್ತುವಿನ ನಿಜ ಸಂಗತಿ ತಿಳಿಯುವ ಹಕ್ಕಿದೆ ಎಂದು ಅದರಲ್ಲಿ ಬರೆದಿತ್ತು. ದೋಷ ಮುಚ್ಚಿ ಮಾರುವುದು ಅನ್ಯಾಯದ ವ್ಯಾಪಾರ ಎಂದು ಬರೆದಿತ್ತು. ಬರೆದವರು ಒಳ್ಳೆಯವರೇ ಇರಬೇಕು. ಆ ಒಳ್ಳೆಯ ಮಾತು ಕೈಗೆ ಸಿಗಲು ಎಷ್ಟು ಸಲ ಬಸ್ಸು ಹತ್ತಬೇಕೆಂಬುದನ್ನು ಮಾತ್ರ ಅವರು ಬರೆದಿರಲಿಲ್ಲ. ಒಂದು ಸಲ ಸದಸ್ಯರ ಕುರ್ಚಿ ಖಾಲಿ. ಇನ್ನೊಂದು ಸಲ ಶೋರೂಮಿನ ವಕೀಲನಿಗೆ ನೆಗಡಿ. ಅವನ ನೆಗಡಿಗೆ ಆಯೋಗ ತೋರಿದ ಕನಿಕರದಲ್ಲಿ ಅರ್ಧದಷ್ಟು ಅವಳ ರೋಗಿಗಳಿಗೆ ಸಿಕ್ಕಿದ್ದರೆ ಅವರು ಇನ್ನೂ ಕೆಲವು ವರ್ಷ ಬದುಕುತ್ತಿದ್ದರು.

ನೆಗಡಿ ವಾಸಿಯಾದ ಮೇಲೆ ವಕೀಲ ವಾದ ತೆಗೆದ. ಈಕೆ ಬಾಡಿಗೆಗೆ ಓಡಿಸುವವಳು, ಆದ್ದರಿಂದ ವ್ಯಾಪಾರಿ, ಗ್ರಾಹಕಳೇ ಅಲ್ಲ ಎಂದ. ಸ್ವಂತ ದುಡಿಮೆಗೆ ಕೊಂಡವರೂ ಗ್ರಾಹಕರೇ ಎಂಬ ಸಾಲನ್ನು ಅಕ್ಕ ಎದ್ದು ನಿಂತು ಓದಿದಳು. ತನ್ನ ಆ ವಾದ ನಡೆಯದೆ ಹೋದಾಗ ಅವನು ಎರಡನೆಯದನ್ನು ತೆಗೆದ: ಗಾಡಿಗೆ ಪೆಟ್ಟಾದ ವಿಷಯ ಈಕೆಗೆ ಮೊದಲೇ ಗೊತ್ತಿತ್ತು, ಆ ಕಾರಣಕ್ಕೇ ರಿಯಾಯಿತಿ ಕೊಟ್ಟದ್ದು, ಹೇಳಿದವನು ಈಕೆಯ ತಮ್ಮನೇ, ಬಂದು ಪ್ರಮಾಣ ಮಾಡುತ್ತಾನೆ.

ಆ ಸಂಜೆ ತಮ್ಮ ಅಕ್ಕನ ಮನೆಗೆ ಬಂದ. ಶೂ ಬಿಚ್ಚದೆ ಬಾಗಿಲ ಬಳಿಯೇ ನಿಂತ. ಅಮ್ಮ ಒಳಗಿನಿಂದ ನೀರು ತಂದುಕೊಟ್ಟು, ಇಬ್ಬರ ನಡುವೆ ಗೋಡೆಯ ಹಾಗೆ ಕೂತಳು. ಪ್ರಮಾಣ ಮಾಡದಿದ್ದರೆ ಕೆಲಸ ಹೋಗುತ್ತದೆ ಎಂದು ಅವನು ಹೇಳಿದ. ಬಣ್ಣದ ಶೆಡ್ಡಿನಲ್ಲಿ ಆ ಗಾಡಿ ನಿಂತದ್ದನ್ನು ನೋಡಿದ್ದೆ, ಕೇಳಿದಾಗ ಬರೀ ಗೀರು ಅಂದರು ಎಂದೂ ಹೇಳಿದ.

“ಗೀರಿಗೆ ಅಷ್ಟು ದಿನ ಶೆಡ್ಡಲ್ಲಿ ನಿಲ್ಲುತ್ತಾ? ಇನ್ನೊಂದು ಸಲ ಕೇಳ್ಬೇಕಿತ್ತು ನೀನು” ಎಂದಳು ಅಕ್ಕ.

“ಕೇಳಿದ್ರೆ ಹೇಳ್ಬಿಡ್ತಿದ್ರು ಅಕ್ಕ. ಅದಕ್ಕೇ ಕೇಳ್ಲಿಲ್ಲ.”

ಆಮೇಲೆ ಅವನು ತಡೆಯಿಲ್ಲದೆ ಎಲ್ಲ ಹೇಳಿಬಿಟ್ಟ. ಪೆಟ್ಟಾದ ಗಾಡಿಗಳೆಲ್ಲ ಮನೆಯವರ ಯೋಜನೆಗೇ ಹೋಗುವುದು. ಒಬ್ಬನ ಮಾವನಿಗೆ ನೀರಲ್ಲಿ ಮುಳುಗಿದ್ದು ಹೋಯಿತು, ಇನ್ನೊಬ್ಬಳ ಚಿಕ್ಕಪ್ಪನಿಗೆ ಇಂಜಿನ್ ಬಿಚ್ಚಿ ಕಟ್ಟಿದ್ದು. ಹೊರಗಿನವರಿಗೆ ಕೊಟ್ಟರೆ ಕೇಸು ಹಾಕುತ್ತಾರೆ. ಮನೆಯವರು ಹಾಕುವುದಿಲ್ಲ, ಹಾಕಿದರೆ ಮನೆ ಒಡೆಯುತ್ತದೆ ಎಂದು ಮ್ಯಾನೇಜರು ಮೀಟಿಂಗಿನಲ್ಲಿ ನಗುತ್ತ ಹೇಳುತ್ತಿದ್ದನಂತೆ. ಎಲ್ಲರೂ ನಗುತ್ತಿದ್ದರಂತೆ. ನೀನೂ ನಕ್ಕೆಯಾ ಎಂದು ಅಕ್ಕ ಕೇಳಲಿಲ್ಲ. ಅಕ್ಕ, ತಮ್ಮ, ಮಾವ, ಚಿಕ್ಕಪ್ಪ ಎಂಬ ಮಾತುಗಳನ್ನು ಕದ್ದು ಅವುಗಳಿಂದಲೇ ಬೇಲಿ ಕಟ್ಟಿ, ಆ ಬೇಲಿಯೊಳಗೆ ಕಸ ಮಾರುವ ಬುದ್ಧಿವಂತಿಕೆ ಯಾವ ಕಾಯ್ದೆ ಬರೆದವರಿಗೂ ಹೊಳೆದಿರಲಾರದು.

ಅಮ್ಮ ಮಾತ್ರ ಅಕ್ಕನ ಕಡೆಗೇ ತಿರುಗಿದಳು. “ಗಾಡಿ ಹೋದ್ರೆ ಗಾಡಿ ಬರುತ್ತೆ. ಅವನು ಬೀದಿಗೆ ಬಿದ್ರೆ ನೀನು ಎತ್ತುತ್ತೀಯಾ?”

ಅಕ್ಕ ಕೇಸು ಬಿಡಲಿಲ್ಲ. ತಜ್ಞರಿಂದ ಗಾಡಿ ಬಿಚ್ಚಿಸಿ ಪರೀಕ್ಷೆ ಮಾಡಿಸಬೇಕೆಂದು ಅರ್ಜಿ ಕೊಟ್ಟಳು. ಆಯೋಗ ಆಗಲಿ ಎಂದದ್ದೇ ತಡ, ಶೋರೂಮು ದನಿಗೆ ಬೆಣ್ಣೆ ಸವರಿಕೊಂಡಿತು. ಮ್ಯಾನೇಜರು ತಾನೇ ಫೋನ್ ಮಾಡಿ ರಾಜಿಗೆ ಕರೆದ: ಇದೇ ಮಾದರಿಯ ಹೊಚ್ಚ ಹೊಸ ಗಾಡಿ ಕೊಡುತ್ತೇವೆ, ನಿಮಗೆ ಬೇಕಾದವರನ್ನು ಕರೆತಂದು ತಟ್ಟಿ ನೋಡಿಕೊಳ್ಳಿ, ತಮ್ಮನ ಕೆಲಸಕ್ಕೆ ಏನೂ ಆಗುವುದಿಲ್ಲ, ಪ್ರಮಾಣವೂ ಬೇಡ. ಹಳೆಯ ಗಾಡಿ ನಮಗೆ ಒಪ್ಪಿಸಿ ದೂರು ವಾಪಸ್ ತೆಗೆದುಕೊಳ್ಳಿ, ಎಲ್ಲೂ ಬಾಯಿ ಬಿಡಬೇಡಿ, ಅಷ್ಟೇ.

ಅಕ್ಕ ಒಪ್ಪಿದಳು. ಅವಳಿಗೂ ಸಾಕಾಗಿತ್ತು. ತೂಗುದೀಪದಂತೆ ಓಲಾಡುವ ವಾಯಿದೆಗಳು ಸಾಕಾಗಿದ್ದವು, ಅಮ್ಮನ ಮೌನ ಸಾಕಾಗಿತ್ತು. ಹಿಂದಿನ ಸೀಟಿನ ದಿಂಬು, ಟವೆಲ್ ತೆಗೆದು ಚೀಲಕ್ಕೆ ತುಂಬಿ, ಗಾಡಿ ತೊಳೆದು, ಹೇಳಿದ ದಿನ ಬೆಳಿಗ್ಗೆ ಶೋರೂಮಿಗೆ ಹೋದಳು.

ಗಾಜಿನ ಕೋಣೆಯಲ್ಲಿ ರಾಜಿಪತ್ರ ಸಿದ್ಧವಿತ್ತು. ತಮ್ಮ ಅವಳ ಕುರ್ಚಿಯ ಹಿಂದೆ ನಿಂತಿದ್ದ. ಹೊಸದಾಗಿ ಕೆಲಸಕ್ಕೆ ಸೇರಿದ ಮಾರಾಟದವಳೊಬ್ಬಳು ಟೀ ಹಿಡಿದು ಬಂದಳು. ಹಿಂದಿನ ದಿನವಷ್ಟೇ ಇಸ್ತ್ರಿ ಕಂಡ ಸಮವಸ್ತ್ರ, ಕತ್ತಿನಲ್ಲಿ ಇನ್ನೂ ಪ್ಲಾಸ್ಟಿಕ್ ಹೊದಿಕೆ ಬಿಡಿಸದ ಗುರುತಿನ ಚೀಟಿ. ಕಿಟಕಿಯಾಚೆ ನಿಂತಿದ್ದ ಅಕ್ಕನ ಬಿಳಿ ಗಾಡಿ ನೋಡಿ ಅವಳ ಮುಖ ಅರಳಿತು.

“ಇದು ನಿಮ್ದೇನಾ ಅಕ್ಕ? ನಮ್ಮ ಯಜಮಾನ್ರಿಗೆ ಅಂತ ಸರ್ ಇದನ್ನೇ ಹೇಳಿದಾರೆ, ಮನೆಯವರ ಯೋಜನೇಲಿ. ಕಮ್ಮಿ ಓಡಿದೆ, ಹೆಂಗಸರೊಬ್ರು ತುಂಬ ಜೋಪಾನವಾಗಿ ಇಟ್ಕೊಂಡಿದ್ರು ಅಂದ್ರು. ನೋಡಿದ್ರೇ ಗೊತ್ತಾಗುತ್ತೆ. ಮುಂದಿರೋದು ಬರೀ ಗೀರಂತೆ, ಬಣ್ಣ ಹಚ್ಚಿ ಕೊಡ್ತಾರಂತೆ.”

ಮ್ಯಾನೇಜರು ಅವಳಿಗೆ ಹೊರಗೆ ಗಿರಾಕಿ ಕಾಯುತ್ತಿದ್ದಾರೆ ಎಂದ. ಅವಳು ಹೋದಳು. ಅಕ್ಕ ರಾಜಿಪತ್ರವನ್ನು ಮೇಜಿನ ಮೇಲೆ ಆಚೆ ಸರಿಸಿದಳು.

ಅವಳಿಗೆ ಬೇರೆ ಗಾಡಿ ಕೊಡೋಣ ಬಿಡಿ, ಅದು ದೊಡ್ಡ ವಿಷಯವಲ್ಲ ಎಂದ ಮ್ಯಾನೇಜರು.

“ಇದನ್ನ?” ಎಂದು ಕೇಳಿದಳು ಅಕ್ಕ.

ಇದು ನಮ್ಮ ಮಾಲು, ನಮ್ಮ ಯೋಚನೆ ಎಂದ. ಇದನ್ನು ಗುಜರಿಗೆ ಹಾಕಿ ಒಡೆಸುತ್ತೇವೆ ಎಂದು ಈ ಪತ್ರದಲ್ಲೇ ಒಂದು ಸಾಲು ಸೇರಿಸಿ, ಸಹಿ ಹಾಕುತ್ತೇನೆ ಎಂದಳು ಅಕ್ಕ. ಅವನು ನಕ್ಕ. ಓಡುವ ಗಾಡಿಯನ್ನು ಯಾರಾದರೂ ಒಡೆಸುತ್ತಾರಾ ಎಂದ. ನಿಮಗೆ ಹೊಸದು ಸಿಕ್ಕಿತಲ್ಲ, ಊರವರ ಉಸಾಬರಿ ಯಾಕೆ ಎಂದ. ಆಮೇಲೆ ನಗು ನಿಲ್ಲಿಸಿ, ನಿಮ್ಮ ತಮ್ಮ ಈ ತಿಂಗಳ ಸಂಬಳ ಇಲ್ಲೇ ತಗೊಳ್ಳುತ್ತಾನೋ ಇಲ್ಲವೋ ಎಂಬುದು ಈ ಸಹಿಯ ಮೇಲಿದೆ, ಕೀ ಮೇಜಿನ ಮೇಲಿಡಿ ಎಂದ.

ಅಕ್ಕ ಹಿಂದಕ್ಕೆ ತಿರುಗಿದಳು. ತಮ್ಮನ ಕಣ್ಣು ಕೆಂಪಾಗಿತ್ತು. ಚಿಕ್ಕವನಿದ್ದಾಗ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಅವಳು. ಗಾಜಿನಾಚೆ ಹೊಸಬಳು ಗಾಡಿಯ ಸುತ್ತ ನಡೆದು, ಗಂಡನಿಗಿರಬೇಕು, ಫೋನಿನಲ್ಲಿ ಫೋಟೋ ತೆಗೆಯುತ್ತಿದ್ದಳು.

“ಕೊಟ್ಬಿಡು ಅಕ್ಕ” ಎಂದ ತಮ್ಮ. “ನಿನ್ನ ಕಾಲಿಗೆ ಬೀಳ್ತೀನಿ. ಕೊಟ್ಬಿಡು.”

ಅಕ್ಕ ಕೀಲಿಕೈಯನ್ನು ಮುಷ್ಟಿಯೊಳಗೆ ಹಿಡಿದುಕೊಂಡು ಎದ್ದು ನಿಂತಳು.

“ಕೊಡಲ್ಲ” ಎಂದಳು.