ತಿಂಗಳ ಕೊನೆಯ ಹುಳುಕು

ಹೆಡ್‌ಫೋನಿನಲ್ಲಿ ಸುಂಯ್ ಎಂದು ಹಾಲು ಉಕ್ಕಿದ ಸದ್ದು, ಎಲ್ಲಿಯದೋ ಮನೆ, ಎಲ್ಲಿಯದೋ ಒಲೆ — ಒಂದ್ನಿಮಿಷ ಮೇಡಂ, ಆರಿಸಿ ಬಂದೆ, ಎಂದು ಹೊಸ ಹುಡುಗಿ ಓಡಿದ್ದಾಳೆ, ತೆರೆಯ ಮೇಲೆ ಅವಳ ಖಾಲಿ ಕುರ್ಚಿ ಇನ್ನೂ ತಿರುಗುತ್ತಿದೆ, ಓಡಲಿ ಪಾಪ, ಎರಡು ವಾರದಲ್ಲಿ ಅವಳು ಎದ್ದು ಹೋದದ್ದೇ ಇದು ಮೊದಲು, ಲೋಕದ ಮೂಲೆಮೂಲೆಯ ಪ್ರೋಗ್ರಾಮರುಗಳನ್ನು ಜರಡಿ ಹಿಡಿದು ಕೊಡುವ ಆ ಆನ್‌ಲೈನ್ ವೇದಿಕೆಯವರು ಮೊದಲೇ ಹೇಳಿದ್ದರು, ನೂರು ಜನರಲ್ಲಿ ಒಬ್ಬರನ್ನ ಆರಿಸಿ ಕೊಡ್ತೀವಿ, ಮನೆಯಿಂದಲೇ ಕೆಲಸ ಮಾಡ್ತಾರೆ, ಎರಡು ವಾರ ನೋಡಿ, ಹಿಡಿಸದಿದ್ರೆ ವಾಪಸ್ ಮಾಡಿ, ಬಟ್ಟೆ ಅಂಗಡಿಯವರ ಮಾತೇ ಸರಿ, ಇವತ್ತು ಹದಿನಾಲ್ಕನೆಯ ದಿನ, ಹಿಡಿಸದಿರಲಿ ದೇವರೇ ಎಂದು ಈ ಎರಡು ಮೇಜಿನ ಕಂಪನಿಯ ಒಡತಿ, ಈಕೆ, ಒಳಗೊಳಗೇ ಬೇಡಿಕೊಂಡದ್ದು ಯಾರಿಗೆ ಗೊತ್ತು, ಹುಡುಗಿ ಮಾತ್ರ ಹಲ್ಲಿನ ಡಾಕ್ಟರುಗಳಿಗೆ ಸರದಿ ಹಚ್ಚಿಕೊಡುವ ತಂತ್ರಾಂಶದ ಬಾಯಿ ಬಿಡಿಸಿ ನೋಡಿ, ಎರಡು ವರ್ಷದ ಹುಳುಕನ್ನು ಕಿತ್ತೇ ಹಾಕಿದ್ದಾಳೆ.

ಹುಳುಕು ಅಣ್ಣ ಬಿಟ್ಟುಹೋದದ್ದು. ಪ್ರತಿ ತಿಂಗಳ ಕೊನೆಯ ದಿನ ಒಂದೇ ಹೊತ್ತಿಗೆ ಇಬ್ಬರು ರೋಗಿಗಳು, ಕ್ಲಿನಿಕ್ಕಿನಿಂದ ಫೋನು, ಈಕೆ ಕೂತು ಕೈಯಲ್ಲೇ ಸರಿ ಮಾಡುವುದು, ಬುಡದಿಂದ ಸರಿ ಮಾಡಲು ಬಾರದೆ ಅಲ್ಲ, ಕೋಡಿನಲ್ಲಿ ಆ ಜಾಗದ ನೆತ್ತಿಯ ಮೇಲೆ ಅಣ್ಣ ಒಂದು ಸಾಲು ಬರೆದಿಟ್ಟಿದ್ದ, ತಂಗೀ, ಇದನ್ನ ಮುಟ್ಟೋ ಮೊದಲು ನನ್ನ ಕೇಳು — ಕೇಳಬೇಕು, ಪೂರ್ತಿ ಕೆಟ್ಟು ನಿಂತ ದಿನ ಕೇಳಲೇಬೇಕಾಗುತ್ತದೆ, ಅಣ್ಣ, ಇದೇನೋ ಕೆಟ್ಟಿದೆ ಕಣೋ, ಅಂದರೆ ಸಾಕು, ಬೈಯುತ್ತಲೇ ಬರುತ್ತಾನೆ, ಎದುರಿನ ಮೇಜಿಗೆ ಕೂತು ತೋಳು ಮಡಚುತ್ತಾನೆ, ಟೀ ಹೇಳು ಮೊದಲು, ಅನ್ನುತ್ತಾನೆ, ಅಷ್ಟೇ, ಕ್ಷಮೆ ಗಿಮೆ ಏನೂ ಬೇಡ, ಎರಡು ವರ್ಷ ಆ ದಿನಕ್ಕಾಗಿ ಕಾದಳು, ತಂತ್ರಾಂಶ ಪೂರ್ತಿ ಕೆಡಲಿಲ್ಲ, ಡಾಕ್ಟರುಗಳ ತಾಳ್ಮೆ ಕೆಟ್ಟಿತು, ಇನ್ನೊಂದು ತಿಂಗಳು ಹೀಗಾದ್ರೆ ನಾವು ಬೇರೆಯವರನ್ನ ನೋಡ್ಕೋತೀವಿ. ಬೇರೆಯವರು. ಈಕೆಯೂ ಅಂದು ಅಣ್ಣನಿಗೆ ಅದನ್ನೇ ಅಲ್ಲವೇ ಅಂದದ್ದು, ಗಿರಾಕಿಯ ಎದುರಿಗೇ, ನೀನಲ್ಲದಿದ್ರೆ ಇನ್ನೊಬ್ರು ಸಿಕ್ತಾರೆ ಬಿಡೋ, ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ಅಣ್ಣ ಕಂಪ್ಯೂಟರನ್ನೂ ಆರಿಸದೆ ಎದ್ದು ಹೋದ, ಈಗ ನೋಡು, ಸಿಕ್ಕಿದ್ದಾರೆ.

ಬಂದೆ ಮೇಡಂ, ಅರ್ಧ ಹಾಲು ಒಲೆಗೇ ಹೋಯ್ತು — ಹುಡುಗಿ ನಗುತ್ತಾಳೆ — ಆ ಸಾಲು ನೋಡಿದೆ, ಮುಟ್ಟೋ ಮೊದಲು ಕೇಳು ಅಂತಿತ್ತು, ನಾನೇ ಕಂಡುಹಿಡಿದೆ, ಇನ್ನು ಯಾರನ್ನೂ ಕೇಳೋದು ಬೇಕಿಲ್ಲ, ಸಾಲನ್ನೂ ತೆಗೆದಿದೀನಿ, ನೀವು ಒಪ್ಪಿಗೆ ಒತ್ತಿದ್ರೆ ಮುಗೀತು. ಚೆನ್ನಾಗಿ ಮಾಡಿದ್ದೀಯಮ್ಮ, ಅನ್ನುತ್ತಾಳೆ ಈಕೆ, ದನಿ ತನ್ನದೇ ಹೌದೋ ಅಲ್ಲವೋ, ಒಂದು ಬೆರಳು ಒಪ್ಪಿಗೆಯ ಮೇಲೆ, ಇನ್ನೊಂದು ಕೈಯಲ್ಲಿ ಫೋನು, ಅಣ್ಣನ ನಂಬರು, ಯಾವ ನೆಪ ಹೇಳುವುದು, ಏನೂ ಕೆಟ್ಟಿಲ್ಲವಲ್ಲ, ಕೇಳಲು ಉಳಿದದ್ದು ಒಂದೇ, ಬರ್ತೀಯಾ ಅಂತ, ಅದನ್ನು ಕೇಳಲು ಬಾಯಿ ಬರುವುದಿಲ್ಲ, ತೆರೆಯ ಮೇಲೆ ಅಳಿಸಿಹೋಗಲಿರುವ ಸಾಲು ಕೆಂಪಗೆ, ಅದರ ಮುಂದೊಂದು ಕಳೆಯುವ ಗುರುತು, ತಂಗೀ, ಇದನ್ನ ಮುಟ್ಟೋ ಮೊದಲು, ಕೆಂಪಗೆ, ತಂಗೀ, ಮುಟ್ಟೋ ಮೊದಲು, ಕೆಂಪಗೆ, ತಂಗೀ —